ದಾರವೋ, ಸ್ಕೇಲೋ, ವರ್ನಿಯರೋ: ಸಣ್ಣ ಉರುಟು ವಸ್ತುಗಳನ್ನು ಅಳೆಯಲು ಯಾವುದು ಒಳ್ಳೆಯದು?

ಉಡುಪಿಯ ರಥಬೀದಿಯಲ್ಲಿ ಬಳೆ ಅಂಗಡಿಯವರು ನಮ್ಮ ದೊಡ್ಡಮ್ಮನ ಕೈಯನ್ನು ಮೆಲ್ಲಗೆ ಒತ್ತಿ ನೋಡಿದರು. "ನಿಮಗೆ ಎರಡು-ನಾಲ್ಕು ಸಾಕಮ್ಮ" ಎಂದರು. ಸ್ಕೇಲ್ ಇಲ್ಲ, ಟೇಪ್ ಇಲ್ಲ. ಗಾಜಿನ ಬಳೆ ಒಂದೂ ಒಡೆಯದೆ ಏರಿತು. ಆ ಸಂಖ್ಯೆಯನ್ನೇ ನಂಬಿ ನಾನು ಮುಂದಿನ ವಾರ ಆನ್‌ಲೈನ್‌ನಲ್ಲಿ ಒಂದು ಜೊತೆ ಹಿತ್ತಾಳೆ ಬಳೆ ತರಿಸಿದೆ. ಅಲ್ಲಿ "2.4 ಇಂಚು" ಎಂದು ಬರೆದಿತ್ತು. ಎರಡು-ನಾಲ್ಕೇ ತಾನೇ ಅಂದುಕೊಂಡೆ. ದೊಡ್ಡಮ್ಮ ಬಳೆ ಹಾಕಿಕೊಂಡು ಕೈ ಕೆಳಗೆ ಬಿಟ್ಟರೋ ಇಲ್ಲವೋ, ಅದು ಜಾರಿ ಅಂಗಳಕ್ಕೆ ಬಿತ್ತು. "ಎಂತ ಮಾರಾಯ, ಇದು ಯಾರ ಕೈಗೆ ತಂದದ್ದು?" ಎಂದು ನಕ್ಕರು.

ಬಳೆಯ ಲೆಕ್ಕದಲ್ಲಿ 2-4 ಅಂದರೆ ಎರಡು ಇಂಚು, ಮೇಲೆ ಇಂಚಿನ ಹದಿನಾರು ಪಾಲಿನಲ್ಲಿ ನಾಲ್ಕು ಪಾಲು. ಅಂದರೆ ಎರಡೂಕಾಲು ಇಂಚು, 57.15 ಮಿ.ಮೀ. ದಶಮಾಂಶದ 2.4 ಇಂಚು ಅಂದರೆ 60.96 ಮಿ.ಮೀ. ಒಂದು ಅಡ್ಡಗೆರೆ ಚುಕ್ಕಿಯಾದದ್ದಕ್ಕೆ ಸುಮಾರು ನಾಲ್ಕು ಮಿ.ಮೀ. ಹೆಚ್ಚಾಯಿತು. ಎಷ್ಟೋ ಮಾರಾಟಗಾರರು 2-4 ಅನ್ನೇ 2.4 ಎಂದು ಬರೆಯುತ್ತಾರೆ, ಕೆಲವರು ನಿಜವಾದ ದಶಮಾಂಶವನ್ನು ಬರೆಯುತ್ತಾರೆ. ಯಾವುದು ಎಂದು ತಿಳಿಯಲು ಒಂದೇ ದಾರಿ. ಪಕ್ಕದಲ್ಲಿ ಮಿ.ಮೀ. ಅಥವಾ ಸೆಂ.ಮೀ. ಕೊಟ್ಟಿದ್ದಾರಾ ನೋಡಿ. ಕೊಟ್ಟಿಲ್ಲದಿದ್ದರೆ ಕೇಳಿ. ಉತ್ತರ ಬರದಿದ್ದರೆ ಬಿಟ್ಟುಬಿಡಿ.

ಆಮೇಲೆ ಮನೆಯಲ್ಲಿ ಉರುಟಾದದ್ದು ಏನು ಸಿಕ್ಕಿದರೂ ಅಳೆಯುವ ಚಟ ಹತ್ತಿತು. ಉಂಗುರ, ಪೈಪು, ಪಂಪಿನ ಓ-ರಿಂಗ್ (ಸೋರದಂತೆ ಹಾಕುವ ರಬ್ಬರ್ ಬಳೆ), ಫ್ಯಾನಿನ ಬೇರಿಂಗ್, ತೋಟದ ಕಾಳುಮೆಣಸು. ಒಂದೊಂದಕ್ಕೆ ಒಂದೊಂದು ಸಾಧನ ಹಿಡಿದು ನೋಡಿದೆ. ಯಾವ ಸಾಧನ ಒಳ್ಳೆಯದು ಎಂದು ಸುಮ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ. ಅದಕ್ಕೂ ಮೊದಲು ಕೇಳಬೇಕಾದದ್ದು ಬೇರೆ ಉಂಟು: ಈ ವಸ್ತುವಿನ ಒಂದು ಸೈಜಿಗೂ ಪಕ್ಕದ ಸೈಜಿಗೂ ಎಷ್ಟು ಅಂತರ? ಆ ಅಂತರದ ಅರ್ಧದಷ್ಟನ್ನು ನಿಮ್ಮ ಸಾಧನ ಗುರುತಿಸಿದರೆ ಸಾಕು. ಅದಕ್ಕಿಂತ ಒರಟಾದದ್ದು ಹಿಡಿದರೆ ತಪ್ಪು ಸೈಜ್ ಬರುತ್ತದೆ. ತೀರಾ ಸೂಕ್ಷ್ಮದ್ದಕ್ಕೆ ದುಡ್ಡು ಹಾಕಿದರೆ ಅದು ಪೆಟ್ಟಿಗೆಯಲ್ಲೇ ತುಕ್ಕು ಹಿಡಿಯುತ್ತದೆ. ನಮ್ಮ ಕರಾವಳಿಯ ಗಾಳಿ ಗೊತ್ತಲ್ವಾ.

ಸ್ಕೇಲ್ ಸಾಕಾಗುವ ಕಡೆ

ಬಳೆಗೆ ಸ್ಕೇಲೇ ಸಾಕು. ಬಳೆಯ ಸೈಜ್ ಎರಡೆರಡು ಪಾಲಾಗಿ ಏರುತ್ತದೆ: 2-2 ಅಂದರೆ 54 ಮಿ.ಮೀ., 2-4 ಅಂದರೆ 57.2, 2-6 ಅಂದರೆ 60.3, 2-8 ಅಂದರೆ 63.5, 2-10 ಅಂದರೆ 66.7. ಪ್ರತಿ ಮೆಟ್ಟಿಲಿಗೆ 3.2 ಮಿ.ಮೀ. ಅಂತರ. ಶಾಲೆಯ ಸ್ಕೇಲಿನಲ್ಲಿ ಅರ್ಧ ಮಿ.ಮೀ. ಆಚೀಚೆ ಆದರೂ ಸೈಜ್ ತಪ್ಪುವುದಿಲ್ಲ. ಸರಿಯಾಗಿ ಕೂರುವ ಒಂದು ಹಳೆಯ ಬಳೆಯನ್ನು ಮೇಜಿನ ಮೇಲೆ ಇಡಿ. ಒಳಗಿನ ಅಂಚಿನಿಂದ ಎದುರಿನ ಒಳ ಅಂಚಿಗೆ ಅಳೆಯಿರಿ. ಸ್ಕೇಲನ್ನು ಸ್ವಲ್ಪ ಆಚೀಚೆ ಸರಿಸಿ, ಎಲ್ಲಿ ಅತಿ ಜಾಸ್ತಿ ಬರುತ್ತದೋ ಅದೇ ಒಳ ವ್ಯಾಸ. ಸ್ಕೇಲಿನ ತುದಿ ಸವೆದಿರುತ್ತದೆ. ಹಾಗಾಗಿ ಸೊನ್ನೆಯ ಬದಲು 1 ಸೆಂ.ಮೀ. ಗೆರೆಯಿಂದ ಶುರುಮಾಡಿ, ಕೊನೆಗೆ 1 ಕಳೆಯಿರಿ.

ಸ್ಕೇಲೂ ಇಲ್ಲವೇ? ಪರ್ಸಿನಿಂದ ಎಟಿಎಂ ಕಾರ್ಡ್ ತೆಗೆಯಿರಿ. ಎಲ್ಲ ಬ್ಯಾಂಕಿನ ಕಾರ್ಡಿಗೂ ಅಳತೆ ಒಂದೇ: ಉದ್ದ 85.60 ಮಿ.ಮೀ., ಅಗಲ 53.98 ಮಿ.ಮೀ. 2-2 ಬಳೆಯ ಒಳ ವ್ಯಾಸವೂ ಹೆಚ್ಚುಕಡಿಮೆ ಅಷ್ಟೇ, 53.98! ಲೆಕ್ಕ ಮಾಡುವಾಗ ಇದು ಕಣ್ಣಿಗೆ ಬಿದ್ದು ನನಗೇ ಖುಷಿಯಾಯಿತು. ಕಾರ್ಡನ್ನು ಅಗಲಕ್ಕೆ ಹಿಡಿದು ಬಳೆಯೊಳಗೆ ತೂರಿಸಿ. ಬಿಗಿಯಾಗಿ ಕಚ್ಚಿದರೆ 2-2. ಎರಡೂ ಬದಿ ಸೇರಿ ಮೂರು ಮಿ.ಮೀ. ಸಡಿಲ ಇದ್ದರೆ 2-4. ಆರು ಮಿ.ಮೀ. ಇದ್ದರೆ 2-6.

ನಾಣ್ಯಗಳನ್ನೂ ಅಳತೆಗೆ ಬಳಸಬಹುದು. ಆದರೆ ಯಾವ ಕಾಲದ ನಾಣ್ಯ ಎಂದು ನೋಡಿಕೊಳ್ಳಬೇಕು. 2011ರ ಸರಣಿಯಲ್ಲಿ 2 ರೂಪಾಯಿ 25 ಮಿ.ಮೀ., 5 ರೂಪಾಯಿ 23 ಮಿ.ಮೀ. ಇತ್ತು. 2019ರ ಸರಣಿಯಲ್ಲಿ ತಿರುಗುಮುರುಗು: 2 ರೂಪಾಯಿ 23, 5 ರೂಪಾಯಿ 25. ಎರಡೂ ಸರಣಿಯಲ್ಲಿ ಬದಲಾಗದೆ ಉಳಿದದ್ದು 27 ಮಿ.ಮೀ.ನ ಹತ್ತು ರೂಪಾಯಿ. ನಾನು ಅದನ್ನು ಮಾತ್ರ ನಂಬುತ್ತೇನೆ.

ಗೋಲಿ, ರುದ್ರಾಕ್ಷಿ, ದೊಡ್ಡ ಮಣಿಗಳಿಗೆ ಸ್ಕೇಲನ್ನು ನೇರವಾಗಿ ಹಿಡಿದರೆ ಆಗುವುದಿಲ್ಲ. ಅತಿ ಅಗಲದ ಜಾಗ ಸ್ಕೇಲಿನಿಂದ ಮೇಲೆ ಇರುತ್ತದೆ. ಕಣ್ಣು ಸ್ವಲ್ಪ ಓರೆಯಾದರೂ ಒಂದು ಮಿ.ಮೀ. ತಪ್ಪುತ್ತದೆ. ಎರಡು ಬೆಂಕಿಪೊಟ್ಟಣಗಳ ನಡುವೆ ಗೋಲಿ ಇಟ್ಟು, ಪೊಟ್ಟಣಗಳ ನಡುವಿನ ಜಾಗ ಅಳೆದರೆ ಎಷ್ಟೋ ವಾಸಿ. ಮೊಬೈಲಿನಲ್ಲಿ ಫೋಟೋ ತೆಗೆದು ಅಳೆಯುವ ಆಪ್‌ಗಳಿಗೂ ಇದೇ ಕಷ್ಟ. ವಸ್ತುವಿನ ಮೇಲಂಚು ಕ್ಯಾಮರಾಕ್ಕೆ ಹತ್ತಿರ ಇರುವುದರಿಂದ ದೊಡ್ಡದಾಗಿ ಕಾಣುತ್ತದೆ. ನನಗೆ ಅವುಗಳ ಮೇಲೆ ನಂಬಿಕೆ ಇಲ್ಲ.

ಸುತ್ತಿ ಅಳೆದರೆ ಮೂರು ಪಟ್ಟು ಲಾಭ

ಆಟಿ ತಿಂಗಳ ಮಳೆಯಲ್ಲಿ ಮಂಗಳೂರಿನ ಮನೆಯ ಹಿಂದೆ ಒಂದು ಪೈಪಿನ ಎಲ್ಬೋ, ಅಂದರೆ ಪೈಪು ತಿರುಗುವ ಕಡೆ ಹಾಕುವ ಬಾಗಿದ ತುಂಡು, ಒಡೆಯಿತು. ಕೆನೆ ಬಣ್ಣದ ಸಿಪಿವಿಸಿ ಪೈಪು. ಸ್ಕೇಲ್ ಹಿಡಿದೆ, 21 ಅಥವಾ 22 ಬಂತು. ಬಂದರಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ "22ರ ಎಲ್ಬೋ ಕೊಡಿ" ಎಂದೆ.

"22 ಅಂತ ಇಲ್ಲ. ಅರ್ಧವಾ, ಮುಕ್ಕಾಲಾ?"

ಮುಕ್ಕಾಲು ಇಂಚು ಅಂದರೆ 19 ಮಿ.ಮೀ., ಅರ್ಧ ಅಂದರೆ 12.7. ಎರಡೂ ಅಲ್ಲವಲ್ಲ. ಮನೆಯ ನಲ್ಲಿಗೆ ಎಲ್ಲರೂ ಅರ್ಧ ಇಂಚು ಎನ್ನುವುದನ್ನು ಕೇಳಿದ್ದೆ, ಅದನ್ನೇ ತಂದೆ. ಪೈಪಿನ ಬಾಯಿಗೆ ಅದು ತೂರಲೇ ಇಲ್ಲ. ಎರಡನೇ ಸಲ ಹೋಗುವಾಗ ಪೈಪಿಗೆ ಒಂದು ಕಾಗದದ ಪಟ್ಟಿ ಬಿಗಿಯಾಗಿ ಸುತ್ತಿ, ಸೇರುವ ಜಾಗದಲ್ಲಿ ಪೆನ್ನಿನಿಂದ ಗೆರೆ ಎಳೆದು ಒಯ್ದೆ. ಪಟ್ಟಿ ಬಿಡಿಸಿದರೆ 70 ಮಿ.ಮೀ. ಅಂಗಡಿಯವರು ಪಟ್ಟಿಯನ್ನು ಒಂದು ಪೈಪಿಗೆ ಸುತ್ತಿ ನೋಡಿ, ಮುಕ್ಕಾಲಿನ ಎಲ್ಬೋ ತೆಗೆದುಕೊಟ್ಟರು. "ಮೊದಲೇ ಒಡೆದ ತುಂಡು ತಂದಿದ್ದರೆ ಆಗ್ತಿತ್ತಲ್ಲ ಮಾರಾಯ್ರೆ" ಎಂದೂ ಸೇರಿಸಿದರು. ಅವರು ಹೇಳಿದ್ದೇ ಸರಿ. ತುಂಡು ತೆಗೆಯಲು ಬರುವಂತಿದ್ದರೆ ಅದನ್ನೇ ಒಯ್ಯಿರಿ, ಅಳತೆಯ ಗೊಡವೆಯೇ ಬೇಡ.

ಪೈಪಿಗೆ ಹೇಳುವ ಇಂಚು ಒಂದು ಹೆಸರು ಅಷ್ಟೇ. ಹೊರ ವ್ಯಾಸ ಬೇರೆಯೇ ಇರುತ್ತದೆ. ಸಿಪಿವಿಸಿ ಅರ್ಧ ಇಂಚಿನ ಹೊರ ವ್ಯಾಸ 15.9 ಮಿ.ಮೀ., ಮುಕ್ಕಾಲು ಇಂಚಿನದು 22.2, ಒಂದು ಇಂಚಿನದು 28.6. ತೋಟಕ್ಕೆ ಹಾಕುವ ಪಿವಿಸಿಯಲ್ಲಿ ಅರ್ಧ ಇಂಚು ಅನ್ನುವುದು 20 ಮಿ.ಮೀ., ಮುಕ್ಕಾಲು 25, ಒಂದು ಇಂಚು 32. ಹಳೆಯ ಮನೆಗಳ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನಲ್ಲಿ ಅರ್ಧ ಇಂಚಿಗೆ ಹೊರಗಿನಿಂದ ಸುಮಾರು 21.3.

ಈಗ ಜಿಐ ಅರ್ಧ ಇಂಚು ಮತ್ತು ಸಿಪಿವಿಸಿ ಮುಕ್ಕಾಲು ಇಂಚು ಎರಡನ್ನೂ ಪಕ್ಕದಲ್ಲಿ ಇಡಿ. 21.3 ಮತ್ತು 22.2. ಒಂದು ಮಿ.ಮೀ. ಕೂಡ ವ್ಯತ್ಯಾಸ ಇಲ್ಲ. ಪೈಪಿನ ಮೈಗೆ ಹಿಡಿದ ಸ್ಕೇಲಿಗೆ ಇದು ಕಾಣುವುದಿಲ್ಲ. ಆದರೆ ಸುತ್ತಳತೆ ನೋಡಿ: 67 ಮತ್ತು 70. ಮೂರು ಮಿ.ಮೀ. ವ್ಯತ್ಯಾಸ, ಯಾರಿಗೂ ಕಾಣುತ್ತದೆ. ಸುತ್ತಳತೆ ಅಂದರೆ ವ್ಯಾಸದ 3.14 ಪಟ್ಟು ಅಲ್ವಾ. ಹಾಗಾಗಿ ಸುತ್ತಿ ಅಳೆಯುವಾಗ ಒಂದು ಮಿ.ಮೀ. ತಪ್ಪಿದರೂ ವ್ಯಾಸದಲ್ಲಿ ತಪ್ಪುವುದು 0.32 ಮಾತ್ರ. ಸ್ಕೇಲ್ ಅದೇ, ಸೂಕ್ಷ್ಮತೆ ಮೂರು ಪಟ್ಟು. ಖರ್ಚು ಒಂದು ತುಂಡು ಪೇಪರ್.

ಇಲ್ಲಿ ದಾರ ಬಳಸುವುದೋ ಕಾಗದವೋ ಎಂದು ಕೇಳಿದರೆ ನಾನು ಕಾಗದ ಎನ್ನುತ್ತೇನೆ. ದಾರ ಹಿಗ್ಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ದಾರದ ದಪ್ಪ. ಅರ್ಧ ಮಿ.ಮೀ. ದಪ್ಪದ ದಾರ ಸುತ್ತಿದರೆ ಉದ್ದದಲ್ಲಿ 1.6 ಮಿ.ಮೀ. ಸುಳ್ಳು ಸೇರುತ್ತದೆ. ಕಾಗದದ ದಪ್ಪ 0.1 ಮಿ.ಮೀ., ಸೇರುವುದು 0.3 ಅಷ್ಟೇ. ಪಟ್ಟಿಯ ಅಗಲ ಐದಾರು ಮಿ.ಮೀ. ಇರಲಿ. ಅದಕ್ಕಿಂತ ಅಗಲವಾದರೆ ಓರೆಯಾಗಿ ಸುತ್ತುತ್ತದೆ.

ಉಂಗುರ: ಇಲ್ಲಿ ಯಾವ ಸ್ಕೇಲೂ ನಡೆಯುವುದಿಲ್ಲ

ನಮ್ಮಲ್ಲಿ ನಡೆಯುವ ಉಂಗುರದ ಸಂಖ್ಯೆಗೆ 40 ಸೇರಿಸಿದರೆ ಒಳ ಸುತ್ತಳತೆ ಮಿ.ಮೀ.ನಲ್ಲಿ ಹೆಚ್ಚುಕಡಿಮೆ ಸಿಗುತ್ತದೆ. 12 ಅಂದರೆ 52 ಮಿ.ಮೀ., 14 ಅಂದರೆ 54. ಒಂದು ಸೈಜಿಗೆ ಸುತ್ತಳತೆಯಲ್ಲಿ ಒಂದೇ ಮಿ.ಮೀ. ಅಂತರ. ವ್ಯಾಸದಲ್ಲಿ ನೋಡಿದರೆ ಬರೀ 0.32. ಉಂಗುರದ ಮೇಲೆ ಸ್ಕೇಲ್ ಇಟ್ಟು ಅರ್ಧ ಮಿ.ಮೀ. ತಪ್ಪು ಓದಿದರೆ ಒಂದೂವರೆ ಸೈಜ್ ಹೋಯಿತು. ದಪ್ಪ ದಾರ ಸುತ್ತಿದರೂ ಹಾಗೆಯೇ.

ಉಂಗುರಕ್ಕೆ ನನ್ನ ಆಯ್ಕೆ ಚಿನ್ನದ ಅಂಗಡಿಯೇ. ಅಲ್ಲಿ ಸಂಖ್ಯೆ ಬರೆದ ಅಳತೆ ಉಂಗುರಗಳ ಗೊಂಚಲು ಇರುತ್ತದೆ. ಒಂದೊಂದಾಗಿ ಬೆರಳಿಗೆ ಹಾಕಿ ನೋಡಬಹುದು. ಇರುವ ಉಂಗುರದ ಸೈಜ್ ನೋಡಲು ಗೆರೆ ಹಾಕಿದ ಕೋಲು ಇರುತ್ತದೆ. ತುದಿ ಸಪೂರ, ಬುಡ ದಪ್ಪ. ಉಂಗುರ ಎಲ್ಲಿ ನಿಲ್ಲುತ್ತದೋ ಅದೇ ಸೈಜ್. ಕೇಳಿದರೆ ಎರಡು ನಿಮಿಷದಲ್ಲಿ ನೋಡಿ ಹೇಳುತ್ತಾರೆ.

ಮನೆಯಲ್ಲೇ ಅಳೆಯುವುದಾದರೆ ಕಾಗದದ ಪಟ್ಟಿ ಬೆರಳಿಗೆ ಸುತ್ತಿ, ಗಂಟಿನ ಮೇಲೂ ಒಮ್ಮೆ ಸುತ್ತಿ ನೋಡಿ. ಗಂಟು ದಪ್ಪ ಇದ್ದವರು ಎರಡರ ನಡುವಿನದ್ದು ಆರಿಸಬೇಕು. ನಮ್ಮ ಸೆಕೆಗೆ ಬೆರಳು ಊದಿಕೊಳ್ಳುತ್ತದೆ. ಬೆಳಿಗ್ಗೆ ತಣ್ಣೀರಲ್ಲಿ ಪಾತ್ರೆ ತೊಳೆದು ಬಂದ ಕೂಡಲೇ ಅಳೆದರೆ ಸಣ್ಣ ಸೈಜ್ ಬರುತ್ತದೆ. ಏಪ್ರಿಲಿನ ಮಧ್ಯಾಹ್ನ ಬಸ್ಸಿನಿಂದ ಇಳಿದು ಅಳೆದರೆ ದೊಡ್ಡದು. ಸಂಜೆ ಹೊತ್ತು, ಎರಡು ಬೇರೆ ದಿನ ಅಳೆದು ಹೋಲಿಸಿ. ಪಟ್ಟಿ ಅಗಲವಾದ ಉಂಗುರವಾದರೆ ಒಂದು ಸೈಜ್ ಜಾಸ್ತಿ ಇರಲಿ.

ಗಲ್ಫಿನಲ್ಲಿರುವ ಭಾವನೋ ಮೈದುನನೋ ಅಲ್ಲಿಂದ ಸೈಜ್ ಕಳಿಸಿದರೆ ಇನ್ನೊಂದು ಗೊಂದಲ. "54" ಎಂದು ಬಂದರೆ ಅದು ಯುರೋಪಿನ ಪದ್ಧತಿ. ಒಳ ಸುತ್ತಳತೆಯನ್ನೇ ನೇರವಾಗಿ ಹೇಳುತ್ತದೆ, ನಮ್ಮ 14 ಅದು. "7" ಎಂದು ಬಂದರೆ ಅಮೆರಿಕದ್ದು, 17.3 ಮಿ.ಮೀ. ವ್ಯಾಸ, ಅದೂ ನಮ್ಮಲ್ಲಿ ಸುಮಾರು 14. ಆದರೆ ನಮ್ಮ ಪದ್ಧತಿಯಲ್ಲೂ 7 ಅನ್ನುವ ಸೈಜ್ ಇದೆ. ಅದು ತೀರಾ ಸಪೂರ ಬೆರಳಿಗೆ ಆಗುವಂಥದ್ದು. ಹಾಗಾಗಿ ಬರೀ ಸಂಖ್ಯೆ ಕೇಳಬೇಡಿ, ಒಳ ವ್ಯಾಸ ಎಷ್ಟು ಮಿ.ಮೀ. ಎಂದು ಕೇಳಿ.

ವರ್ನಿಯರ್ ಕೊಳ್ಳುವುದಾದರೆ

ವಾರಕ್ಕೊಮ್ಮೆಯಾದರೂ ಏನಾದರೂ ರಿಪೇರಿ ಮಾಡುವವರಿಗೆ ವರ್ನಿಯರ್ ಕ್ಯಾಲಿಪರ್, ಅಂದರೆ ಜಾರುವ ದವಡೆಗಳ ನಡುವೆ ವಸ್ತು ಹಿಡಿದು ಅಳೆಯುವ ಸಾಧನ, ಬೇಕೇ ಬೇಕು. ಪಿಯರ್ ವರ್ನಿಯರ್ ಎಂಬ ಫ್ರೆಂಚ್ ಗಣಿತಜ್ಞ 1631ರಲ್ಲಿ ಈ ಜಾರು-ಗೆರೆಗಳ ಉಪಾಯವನ್ನು ಪ್ರಕಟಿಸಿದ. ಪಿಯುಸಿ ಲ್ಯಾಬಿನಲ್ಲಿ ನಾವೆಲ್ಲ ಅದನ್ನು ಹಿಡಿದು ಗೋಲಿಯ ವ್ಯಾಸ ತೆಗೆದವರೇ. ಹೊರಗಿನ ದವಡೆ, ಒಳಗಿನ ದವಡೆ, ಆಳಕ್ಕೆ ಒಂದು ಕಡ್ಡಿ, ಮೂರೂ ಒಂದರಲ್ಲೇ.

ಅಂಗಡಿಯಲ್ಲಿ ನಾಲ್ಕು ಬಗೆ ಸಿಗುತ್ತದೆ. ಗೆರೆ ಓದುವ ಸ್ಟೀಲಿನದು, ಗಡಿಯಾರದಂತೆ ಮುಳ್ಳಿರುವ ಡಯಲಿನದು, ಸ್ಟೀಲಿನ ಡಿಜಿಟಲ್, ಪ್ಲಾಸ್ಟಿಕ್ ಮೈಯ ಡಿಜಿಟಲ್.

ಗೆರೆಯದು 0.02 ಮಿ.ಮೀ. ತನಕ ತೋರಿಸುತ್ತದೆ. ಬ್ಯಾಟರಿ ಬೇಡ. ಬಿದ್ದರೂ ಬೇಗ ಕೆಡುವುದಿಲ್ಲ. ಆದರೆ ಯಾವ ಗೆರೆ ಯಾವುದಕ್ಕೆ ಸೇರಿತು ಎಂದು ನೋಡಲು ಕಣ್ಣು ಚುರುಕಿರಬೇಕು. ನಲವತ್ತು ದಾಟಿದವರು ಸಂಜೆ ಬೆಳಕಲ್ಲಿ ಒದ್ದಾಡುತ್ತಾರೆ, ನಾನೂ ಅದೇ ಸಾಲಿನವನು. ಡಯಲಿನದನ್ನು ನಾನು ಯಾರಿಗೂ ಹೇಳುವುದಿಲ್ಲ. ಹಲ್ಲುಗಳ ನಡುವೆ ಒಂದು ಚೂರು ಲೋಹದ ಪುಡಿ ಸಿಕ್ಕಿದರೆ ಮುಳ್ಳು ಹಾರುತ್ತದೆ, ಗೊತ್ತೇ ಆಗುವುದಿಲ್ಲ.

ಸ್ಟೀಲ್ ಡಿಜಿಟಲ್‌ನಲ್ಲಿ ಗುಂಡಿ ಒತ್ತಿದರೆ ಇಂಚು, ಮತ್ತೆ ಒತ್ತಿದರೆ ಮಿ.ಮೀ. ಲೆಕ್ಕದ ತಾಪತ್ರಯ ಇಲ್ಲ. ಪರದೆ 0.01 ತನಕ ತೋರಿಸುತ್ತದೆ, ಆದರೆ ಕೊನೆಯ ಅಂಕಿಯನ್ನು ನಂಬಬೇಡಿ. ಒಳ್ಳೆಯದರಲ್ಲೂ 0.02ರಷ್ಟು ಆಚೀಚೆ ಸಹಜ. ಇನ್ನೊಂದು ತೊಂದರೆ ಬ್ಯಾಟರಿ. ಪರದೆ ಆಫ್ ಆದರೂ ಒಳಗೆ ಸ್ವಲ್ಪ ಕುಡಿಯುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ಇಡುವುದಾದರೆ ತೆಗೆದಿಡಿ.

ಈಗ ನಮ್ಮ ಊರಿನ ಮಾತು. ಸಮುದ್ರದ ಉಪ್ಪುಗಾಳಿ, ನಾಲ್ಕು ತಿಂಗಳು ಬಿಡದ ಮಳೆ. ಸ್ಟೈನ್‌ಲೆಸ್ ಎಂದು ಬರೆದ ದವಡೆಗಳ ಮೇಲೂ ಜುಲೈ ಹೊತ್ತಿಗೆ ಕಂದು ಚುಕ್ಕೆ ಬರುತ್ತದೆ. ಪ್ಲಾಸ್ಟಿಕ್ ಮೈಯದಕ್ಕೆ ಆ ಭಯ ಇಲ್ಲ. ಅದು 0.1 ಮಿ.ಮೀ. ತನಕ ಮಾತ್ರ ತೋರಿಸುತ್ತದೆ, ದವಡೆ ಸ್ವಲ್ಪ ಬಾಗುತ್ತದೆ. ಆದರೂ ಮನೆಗೆ ಅಷ್ಟು ಸಾಕು. ಮುತ್ತು, ಕರಿಮಣಿ, ಗಾಜಿನ ಬಳೆಗೆ ಗೀರು ಬೀಳುವುದಿಲ್ಲ. ಬೆಲೆಯೂ ಕಡಿಮೆ. ಮನೆಯವರಿಗೆ ನಾನು ಹೇಳುವುದು ಇದನ್ನೇ. ಕೆಲಸಗಾರರಿಗೆ ಗೆರೆಯ ಸ್ಟೀಲಿನದು, ಮಳೆಗಾಲದಲ್ಲಿ ಎಣ್ಣೆ ಬಟ್ಟೆಯಿಂದ ಒರೆಸಿ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಹಾಕಿಡಬೇಕು.

ಕಡಿಮೆ ಬೆಲೆಯದು ಸರಿ ತೋರಿಸುತ್ತದಾ ಎಂದು ಪರೀಕ್ಷಿಸಲು ಒಂದು ಪುಕ್ಕಟೆ ದಾರಿ ಉಂಟು. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಬಿಸಾಡಿದ ಒಂದು ಹಳೆಯ ಬೇರಿಂಗ್ ಕೇಳಿ ತನ್ನಿ. ಫ್ಯಾನಿಗೆ ಹಾಕುವ 6202 ಸಂಖ್ಯೆಯದು ಸಿಕ್ಕಿದರೆ ಒಳ ವ್ಯಾಸ 15 ಮಿ.ಮೀ., ಹೊರ ವ್ಯಾಸ 35, ದಪ್ಪ 11. ಬೇರಿಂಗಿನ ಒಳ-ಹೊರ ವ್ಯಾಸಗಳನ್ನು ಒಂದು ಮಿ.ಮೀ.ನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ ಕೊರೆದಿರುತ್ತಾರೆ. ಗುಂಡುಗಳು ಸವೆದು ಗರಗರ ಎನ್ನುತ್ತಿದ್ದರೂ ಹೊರ ಮೈ ಸರಿಯಾಗಿಯೇ ಇರುತ್ತದೆ. ನನ್ನ ಪ್ಲಾಸ್ಟಿಕ್ ವರ್ನಿಯರ್ 35ಕ್ಕೆ 34.9 ತೋರಿಸುತ್ತದೆ. ಗೊತ್ತಾದ ಮೇಲೆ ತೊಂದರೆ ಇಲ್ಲ, 0.1 ಸೇರಿಸಿಕೊಳ್ಳುತ್ತೇನೆ.

ಬಳಸುವಾಗ ಎರಡು ಜಾಗ್ರತೆ. ಹೊರಗಿನ ವ್ಯಾಸ ತೆಗೆಯುವಾಗ ವಸ್ತುವನ್ನು ಸ್ವಲ್ಪ ಅಲ್ಲಾಡಿಸಿ, ಅತಿ ಕಡಿಮೆ ಬಂದದ್ದನ್ನು ತೆಗೆದುಕೊಳ್ಳಿ. ಓರೆ ಹಿಡಿದರೆ ಜಾಸ್ತಿ ತೋರಿಸುತ್ತದೆ. ಒಳಗಿನದಕ್ಕೆ ತದ್ವಿರುದ್ಧ, ಅಡ್ಡಕ್ಕೆ ಸರಿಸಿ ನೋಡಿ ಅತಿ ಜಾಸ್ತಿ ಬಂದದ್ದೇ ವ್ಯಾಸ. ತೀರಾ ಸಣ್ಣ ತೂತಿಗೆ ಒಳದವಡೆ ನಂಬಬೇಡಿ, ಅದರ ಚಪ್ಪಟೆ ಅಂಚು ತೂತಿನ ಬಾಗಿಗೆ ಪೂರ್ತಿ ತಾಗುವುದಿಲ್ಲ, ಕಡಿಮೆ ತೋರಿಸುತ್ತದೆ. ಅಂಥ ಕಡೆ ಡ್ರಿಲ್ ಬಿಟ್‌ಗಳನ್ನು ಒಂದೊಂದಾಗಿ ಹಾಕಿ ನೋಡಿ. 4 ಮಿ.ಮೀ. ಬಿಟ್ ಹೋಗಿ 4.5 ಹೋಗದಿದ್ದರೆ ಉತ್ತರ ಸಿಕ್ಕಿತಲ್ಲ.

ಬಾವಿ ಪಂಪಿನ ಓ-ರಿಂಗ್ ಮಾತ್ರ ಬೇರೆಯೇ ಕತೆ. ರಬ್ಬರನ್ನು ದವಡೆಯಲ್ಲಿ ಒತ್ತಿದರೆ ಚಪ್ಪಟೆಯಾಗುತ್ತದೆ. ಹಳೆಯದು ಹಿಗ್ಗಿಯೋ ಊದಿಯೋ ಇರುತ್ತದೆ, ಹುಟ್ಟಿದಾಗಿನ ಅಳತೆ ಅದರಲ್ಲಿ ಉಳಿದಿಲ್ಲ. ಅದು ಕೂರುವ ತೋಡನ್ನು (ಗ್ರೂವ್) ಅಳೆಯಿರಿ. ಅಂಗಡಿಯಲ್ಲಿ ಕೇಳುವುದು ಒಳ ವ್ಯಾಸ ಮತ್ತು ರಬ್ಬರಿನ ದಪ್ಪ. ಹೊರ ವ್ಯಾಸ ಬೇಕಾದರೆ ದಪ್ಪವನ್ನು ಎರಡು ಸಲ ಸೇರಿಸಿದರಾಯಿತು.

ಮೈಕ್ರೋಮೀಟರ್ ನಿಜಕ್ಕೂ ಬೇಕಾ?

ಇದು ಸ್ಕ್ರೂ ತಿರುಗಿಸಿ ವಸ್ತುವನ್ನು ಎರಡು ಮುಖಗಳ ನಡುವೆ ಹಿಡಿದು ಅಳೆಯುವ ಸಾಧನ. ಬಹುತೇಕ ಜನರಿಗೆ ಬೇಡ. ಸ್ಕ್ರೂ ಒಂದು ಸುತ್ತಿಗೆ ಅರ್ಧ ಮಿ.ಮೀ. ಮುಂದೆ ಹೋಗುತ್ತದೆ, ಸುತ್ತಿನಲ್ಲಿ 50 ಗೆರೆ, ಹಾಗಾಗಿ 0.01 ಸಿಗುತ್ತದೆ. ಸಾಮಾನ್ಯವಾಗಿ ಸಿಗುವುದು 25 ಮಿ.ಮೀ. ತನಕದ್ದು. ಹೊರ ವ್ಯಾಸ ಮಾತ್ರ. ಬೈಕಂಪಾಡಿಯ ಲೇತಿನವರಿಗೆ, ವೈಂಡಿಂಗ್ ತಂತಿ ನೋಡುವವರಿಗೆ ಇದು ಬೇಕು. ಕೊಂಡರೆ ತುದಿಯ ಕಟಕಟ ತಿರುಪನ್ನೇ ಹಿಡಿದು ತಿರುಗಿಸಿ. ಇಡುವಾಗ ಎರಡು ಮುಖಗಳ ನಡುವೆ ಸ್ವಲ್ಪ ಸಂದು ಬಿಡಿ, ಇಲ್ಲದಿದ್ದರೆ ಮಳೆಗಾಲದಲ್ಲಿ ನಡುವೆ ತುಕ್ಕು ಹಿಡಿಯುತ್ತದೆ.

ತೆಳು ತಂತಿಗೆ ಮೈಕ್ರೋಮೀಟರ್ ಇಲ್ಲದೆಯೂ ಆಗುತ್ತದೆ. ಪೆನ್ಸಿಲಿಗೆ ತಂತಿಯನ್ನು ಒತ್ತೊತ್ತಾಗಿ 20 ಸುತ್ತು ಸುತ್ತಿ. ಸುತ್ತುಗಳ ಒಟ್ಟು ಅಗಲವನ್ನು ಸ್ಕೇಲಿನಲ್ಲಿ ಅಳೆದು 20ರಿಂದ ಭಾಗಿಸಿ. ಮಲ್ಪೆಯಲ್ಲಿ ತಂದ ಗಾಳದ ನೈಲಾನ್ 20 ಸುತ್ತಿಗೆ 8 ಮಿ.ಮೀ. ಬಂತು, ಅಂದರೆ 0.4 ಮಿ.ಮೀ. ಸ್ಕೇಲಿನ ಅರ್ಧ ಮಿ.ಮೀ. ತಪ್ಪೂ ಇಪ್ಪತ್ತರಲ್ಲಿ ಹಂಚಿಹೋಗುತ್ತದೆ.

ಅಳೆಯದೆ ಸೈಜ್ ತಿಳಿಯುವ ಊರು

ಸಾವಿರಾರು ಕಾಳು ಇದ್ದಾಗ ಒಂದೊಂದನ್ನು ಯಾರು ಅಳೆಯುತ್ತಾರೆ? ನಮ್ಮ ಕಡೆಯ ವ್ಯಾಪಾರ ಇದಕ್ಕೆ ಯಾವತ್ತೋ ದಾರಿ ಕಂಡುಕೊಂಡಿದೆ. ಕಾಳುಮೆಣಸನ್ನು ಜರಡಿ ಹಿಡಿಯುತ್ತಾರೆ. ರಫ್ತಿನ ದರ್ಜೆಯಲ್ಲಿ ತಲಶ್ಶೇರಿ ಎಕ್ಸ್‌ಟ್ರಾ ಬೋಲ್ಡ್ ಅಂದರೆ 4.25 ಮಿ.ಮೀ. ತೂತಿನ ಜರಡಿಯ ಮೇಲೆ ಉಳಿದದ್ದು. ಸ್ಪೆಷಲ್ ಎಕ್ಸ್‌ಟ್ರಾ ಬೋಲ್ಡ್‌ಗೆ 4.75. ನಡುವಿನ ಅಂತರ ಬರೀ ಅರ್ಧ ಮಿ.ಮೀ., ಆದರೆ ಜರಡಿಗೆ ಅದು ಕಷ್ಟವೇ ಅಲ್ಲ. ಅಡಿಕೆಯಲ್ಲೂ ಮೋಟಿಯಿಂದ ಲಿಂಡಿ ತನಕದ ದರ್ಜೆಗಳನ್ನು ಗಾತ್ರ ನೋಡಿಯೇ ಬೇರೆ ಮಾಡುವುದು. ನಿಮ್ಮ ತೋಟದ ಮೆಣಸಿನ ಅಂದಾಜು ಬೇಕಾದರೆ ದಪ್ಪ ಪುಸ್ತಕವನ್ನು ಅರ್ಧ ತೆರೆದು ನಡುವಿನ ಸಂದಿಯಲ್ಲಿ 20 ಕಾಳು ಸಾಲಾಗಿ ಇಡಿ. ಉದ್ದವನ್ನು 20ರಿಂದ ಭಾಗಿಸಿ. ಕಾಳು ಪೂರ್ತಿ ಉರುಟಲ್ಲ, ಹಾಗಾಗಿ ಒಂದು ಕಾಳಿನ ಅಳತೆಗಿಂತ ಇಪ್ಪತ್ತರ ಸರಾಸರಿಯೇ ಹೆಚ್ಚು ನಿಜ.

ಗೋಡಂಬಿಯಲ್ಲಿ ವ್ಯಾಸದ ಮಾತೇ ಇಲ್ಲ, ಎಣಿಕೆ ಮಾತ್ರ. ಡಬ್ಲ್ಯೂ 320 ಅಂದರೆ ಒಂದು ಪೌಂಡಿಗೆ, ಅಂದರೆ 453.6 ಗ್ರಾಮಿಗೆ, ಸುಮಾರು 320 ಬೀಜ. ಡಬ್ಲ್ಯೂ 180 ದೊಡ್ಡದು. ಸಂಖ್ಯೆ ಏರಿದಷ್ಟೂ ಬೀಜ ಸಣ್ಣ. ಸಿಗಡಿಯ "ಕೌಂಟ್" ಕೂಡ ಹೀಗೆಯೇ.

ಸಂಖ್ಯೆ ಬದಲಿಸುವಾಗ ಜಾರುವ ಜಾಗಗಳು

ಒಂದು ಇಂಚು ಅಂದರೆ 25.4 ಮಿ.ಮೀ., ಇದು ಅಂದಾಜಲ್ಲ, ಒಪ್ಪಿ ನಿಗದಿಮಾಡಿದ ಪೂರ್ತಿ ಲೆಕ್ಕ. ನಮ್ಮಲ್ಲಿ ಮೆಟ್ರಿಕ್ ಕಾನೂನು ಬಂದದ್ದು 1956ರಲ್ಲಿ. ಆದರೂ ಹಾರ್ಡ್‌ವೇರ್ ಅಂಗಡಿಯಲ್ಲಿ ಇಂಚು, ಸೂತ್ ಇನ್ನೂ ಬದುಕಿವೆ. ಒಂದು ಸೂತ್ ಅಂದರೆ ಇಂಚಿನ ಎಂಟನೇ ಒಂದು ಪಾಲು, 3.175 ಮಿ.ಮೀ. ಬಳೆಯ ಒಂದು ಮೆಟ್ಟಿಲೂ ಅಷ್ಟೇ ನೋಡಿ. ಕಬ್ಬಿಣದವರ ಸೂತ್ ಮತ್ತು ಬಳೆಯವರ ಎರಡು ಪಾಲು ಒಂದೇ ಅಳತೆ.

ಬೋಲ್ಟಿನಲ್ಲಿ ಬೀಳುವ ಹೊಂಡ ದೊಡ್ಡದು. ಎಂ8 ಅಂದರೆ 8 ಮಿ.ಮೀ., 5/16 ಇಂಚು ಅಂದರೆ 7.94. ತಯಾರಾದ ಬೋಲ್ಟ್ ಹೆಸರಿಗಿಂತ ಸ್ವಲ್ಪ ಸಪೂರವೇ ಇರುತ್ತದೆ. ವರ್ನಿಯರಿನಲ್ಲಿ 7.85 ಬಂದರೆ ಯಾವುದು? ವ್ಯಾಸ ನೋಡಿ ಹೇಳಲು ಆಗುವುದಿಲ್ಲ. ತಪ್ಪು ನಟ್ ಹಾಕಿದರೆ ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ, ಬಲ ಹಾಕಿದರೆ ಎಳೆ (ಥ್ರೆಡ್) ಹಾಳು. ಹತ್ತು ಎಳೆಗಳ ಉದ್ದ ಅಳೆಯಿರಿ. ಸಾಮಾನ್ಯ ಎಂ8 ಆದರೆ 12.5 ಮಿ.ಮೀ., 5/16ರ ಒರಟು ಎಳೆಯಾದರೆ 14.1.

ತಂತಿಯ ಗೇಜ್ ಉಲ್ಟಾ ಓಡುತ್ತದೆ. 10 ಗೇಜ್ 3.25 ಮಿ.ಮೀ., 16 ಗೇಜ್ 1.63, 20 ಗೇಜ್ 0.91. ಮನೆಯ ವೈರಿಂಗ್‌ನಲ್ಲಿ ಹೇಳುವ ಒಂದೂವರೆ, ಎರಡೂವರೆ ವ್ಯಾಸವೇ ಅಲ್ಲ, ತಾಮ್ರದ ಅಡ್ಡಕೊಯ್ತದ ವಿಸ್ತೀರ್ಣ, ಚದರ ಮಿ.ಮೀ.ನಲ್ಲಿ. ಎರಡೂವರೆಯ ತಾಮ್ರ ಒಂದೇ ಕಡ್ಡಿಯಾಗಿದ್ದರೆ ವ್ಯಾಸ 1.78 ಮಿ.ಮೀ. ಟೈಲರ್ ಅಂಗಡಿಯ ಗುಂಡಿಗೆ "ಲೈನ್" ಲೆಕ್ಕ, 40 ಲೈನಿಗೆ ಒಂದು ಇಂಚು. 18 ಲೈನಿನ ಗುಂಡಿ 11.4 ಮಿ.ಮೀ.

ಕೆಲವು ವಸ್ತುಗಳ ಹೆಸರಲ್ಲೇ ಅಳತೆ ಇರುತ್ತದೆ. ಸಿಆರ್ 2032 ಬಿಲ್ಲೆ ಬ್ಯಾಟರಿ ಅಂದರೆ 20 ಮಿ.ಮೀ. ವ್ಯಾಸ, 3.2 ದಪ್ಪ. 2025 ಕೂಡ 20ರದ್ದೇ, ದಪ್ಪ 2.5. ಬೇರಿಂಗಿನ ಕೊನೆಯ ಎರಡು ಅಂಕಿ 04 ಅಥವಾ ಮೇಲಿದ್ದರೆ ಐದರಿಂದ ಗುಣಿಸಿ, ಒಳ ವ್ಯಾಸ ಬರುತ್ತದೆ. 6204 ಅಂದರೆ 20 ಮಿ.ಮೀ. ಅದಕ್ಕಿಂತ ಕೆಳಗಿನ ನಾಲ್ಕನ್ನು ಬಾಯಿಪಾಠ ಮಾಡಬೇಕು: 00ಕ್ಕೆ 10, 01ಕ್ಕೆ 12, 02ಕ್ಕೆ 15, 03ಕ್ಕೆ 17. ಇಂಥ ಕಡೆ ಅಳೆಯಬೇಡಿ, ಒರೆಸಿ ಸಂಖ್ಯೆ ಓದಿ.

ಲೆಕ್ಕ ಮಾಡಿ ಬಂದ 57.3 ಅನ್ನೋ 22.1 ಅನ್ನೋ ಹಾಗೇ ಅಂಗಡಿಯಲ್ಲಿ ಹೇಳಬೇಡಿ. ಹತ್ತಿರದ ಸೈಜ್ ಯಾವುದೋ ಅದಕ್ಕೆ ಸೇರಿಸಿ, ಅವರ ಮಾತಿನಲ್ಲೇ ಕೇಳಿ: ಎರಡು-ನಾಲ್ಕು, ಮುಕ್ಕಾಲು ಸಿಪಿವಿಸಿ. ಎರಡು ಸೈಜಿನ ಸರಿ ನಡುವೆ ಬಂದರೆ ಮಾತ್ರ ಮನೆಗೆ ಬಂದು ಮತ್ತೊಮ್ಮೆ ಅಳೆಯಿರಿ.

ಅಂದಹಾಗೆ ಆ ಹಿತ್ತಾಳೆ ಬಳೆ ವಾಪಸ್ ಕಳಿಸಲಿಲ್ಲ. ವರ್ನಿಯರ್ ಬಂದ ದಿನ ಅಳೆದರೆ ಸರಿಯಾಗಿ 61. 2-6ಕ್ಕಿಂತ ಒಂದು ಕೂದಲೆಳೆ ದೊಡ್ಡದು. ಅಷ್ಟಮಿಗೆ ಬಂದ ಪಕ್ಕದ ಮನೆಯ ಸೊಸೆಯ ಕೈಯನ್ನು ದೊಡ್ಡಮ್ಮ ಒಮ್ಮೆ ಒತ್ತಿ ನೋಡಿ, "ಇವಳಿಗೆ ಆಗ್ತದೆ, ತೆಗೆದುಕೊಂಡು ಬಾ" ಎಂದರು. ಆಯಿತು.